ಪ್ಯಾರಾವಾರು ಉತ್ತರ: ಮಗಳಿಗೊಂದು ಪತ್ರ

ಪುಟ್ಟಿ,

ಬೆಂಗಳೂರಿನ ಸುರಂಗ ರಸ್ತೆ ಬೇಡ ಅಂತ ಮೊನ್ನೆ ನೀನು ಆನ್‌ಲೈನಿನಲ್ಲಿ ಬರೆದದ್ದನ್ನು ಓದಿದೆ. ಅದರ ಕೆಳಗೆ ನಡೆದ ಜಗಳವನ್ನೂ ಓದಿದೆ. ಫೋನ್ ಮಾಡೋಣ ಅಂದುಕೊಂಡೆ, ಆದರೆ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು "ಅಪ್ಪಾ, ನಿಮಗೆ ಗೊತ್ತಾಗಲ್ಲ ಬಿಡಿ" ಅನ್ನುತ್ತೀಯ, ಅಮ್ಮ ಮಧ್ಯದಲ್ಲಿ ಬಂದು ಊಟ ಆಯ್ತಾ ಅಂತ ಕೇಳುತ್ತಾಳೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಮೊದಲೇ ಹೇಳಿಬಿಡುತ್ತೇನೆ, ವಿಷಯದಲ್ಲಿ ನಾನು ನಿನ್ನ ಕಡೆಯೇ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ 16 ಕಿಲೋಮೀಟರಿಗೂ ಜಾಸ್ತಿ ಉದ್ದದ ಸುರಂಗ, ಸುಮಾರು 17 ಸಾವಿರ ಕೋಟಿ ಖರ್ಚು, ಅದರ ಮೇಲೆ ಟೋಲ್ ಬೇರೆ. ಅಷ್ಟು ದುಡ್ಡಿಗೆ ಎಷ್ಟು ಬಸ್ಸು ಬರುತ್ತಿತ್ತು ಅಂತ ನನಗೂ ಹೊಟ್ಟೆ ಉರಿಯುತ್ತದೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಅದರ ಆಸುಪಾಸಿನಲ್ಲಿ ಕೊರೆಯುವ ಮಾತು ಬಂದಾಗ ನಿನಗಿಂತ ಜಾಸ್ತಿ ಕೂಗಾಡಿದವನು ನಾನೇ. ಹಾಗಾಗಿ ಇದು ಸುರಂಗದ ಪರ ವಕಾಲತ್ತು ಅಲ್ಲ. ನಿನ್ನ ಬರಹದ ಕೆಳಗೆ ಸುರಂಗ ಬೇಕು ಅಂತ ಬರೆದ ಆ ಏಸಿ ರಿಪೇರಿ ಮಾಡುವವರಿಗೆ ನೀನು ಕೊಟ್ಟ ಉತ್ತರ ಇದೆಯಲ್ಲ, ಅದರ ಬಗ್ಗೆ.

ಅವರು ಬರೆದದ್ದನ್ನು ಇನ್ನೊಂದು ಸಲ ಓದು. ಮನೆ ಹೆಬ್ಬಾಳದ ಹತ್ತಿರ. ಹಳೇ ಓಮ್ನಿಯಲ್ಲಿ ಏಣಿ, ಗ್ಯಾಸ್ ಸಿಲಿಂಡರ್, ಟೂಲ್ಸ್ ಹಾಕಿಕೊಂಡು ಬಿಟಿಎಂ, ಎಚ್‌ಎಸ್‌ಆರ್ ಕಡೆ ಕೆಲಸಕ್ಕೆ ಹೋಗುತ್ತಾರೆ. ಮೆಟ್ರೋ ಎಷ್ಟೇ ಬಂದರೂ ಸಿಲಿಂಡರ್, ಏಣಿ ಹಿಡಿದವನನ್ನು ಒಳಗೆ ಬಿಡುವುದಿಲ್ಲ ಅಂದರು. ಜಾಮ್‌ನಲ್ಲಿ ದಿನಕ್ಕೊಂದು ಕೆಲಸ ಕೈತಪ್ಪುತ್ತದೆ, ಟೋಲ್ ಕಟ್ಟಿದರೂ ನನಗೆ ಗಿಟ್ಟುತ್ತದೆ ಅಂದರು. ಕೊನೆಗೆ ಒಂದು ಪ್ರಶ್ನೆ ಕೇಳಿದರು: ಹೆಬ್ಬಾಳಕ್ಕೆ ಬರಬೇಕಿದ್ದ ಸ್ಟೀಲ್ ಬ್ರಿಡ್ಜ್ ಬೇಡ ಅಂತ ನಿಲ್ಲಿಸಿದಿರಿ, ಅದರ ಬದಲಿಗೆ ನಮಗೆ ಏನು ಬಂತು?

ಇಷ್ಟಕ್ಕೆ ನೀನು ಹೇಳಿದ್ದು, "ಕಾರಿನವರ ಏಜೆಂಟ್‌ಗಳಿಗೆ ಬಡವರ ಕಷ್ಟ ಎಲ್ಲಿ ಅರ್ಥ ಆಗುತ್ತೆ." ಅದಕ್ಕೆ ಇನ್ನೂರು ಚಿಲ್ಲರೆ ಲೈಕು. ಅಲ್ಲಮ್ಮಾ, ಸಿಲಿಂಡರ್ ಹೊತ್ತು ಮೂರನೇ ಮಹಡಿ ಹತ್ತುವವನು ನಿನ್ನ ಲೆಕ್ಕದಲ್ಲಿ ಯಾವ ಕಡೆ ಬರುತ್ತಾನೆ? ಅವರು ಹೇಳಿದ ಒಂದು ಮಾತಿಗೂ ನೀನು ಉತ್ತರ ಕೊಟ್ಟಿಲ್ಲ. ನಿನ್ನ ಮನಸ್ಸಿನಲ್ಲಿ ಒಬ್ಬ ದೊಡ್ಡ ಕಾರಿನ ಸಾಹುಕಾರ ಇದ್ದ, ಅವನಿಗೆ ಬೈದೆ. ಪೆಟ್ಟು ಬಿದ್ದದ್ದು ಇವರಿಗೆ.

ನನ್ನ ಕೆಲಸ ನಿನಗೆ ಗೊತ್ತು. ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರದ ಸಿಟಿ ಸಿವಿಲ್ ಕೋರ್ಟಿಗೆ ಫೈಲು ಹೊತ್ತು ಅಲೆಯುವ ವಕೀಲರ ಗುಮಾಸ್ತ. ಅಲ್ಲಿ ಪ್ರತಿವಾದಿ ತಕರಾರು ಹಾಕುವಾಗ ಒಂದು ನಿಯಮ ಇದೆ. ವಾದಪತ್ರದ ಒಂದೊಂದು ಪ್ಯಾರಾಗೂ ಬೇರೆ ಬೇರೆ ಉತ್ತರ ಕೊಡಬೇಕು. 2ನೇ ಪ್ಯಾರಾ ನಿಜ, 3ನೇ ಪ್ಯಾರಾ ಸುಳ್ಳು, 4ನೇ ಪ್ಯಾರಾದಲ್ಲಿ ಹೇಳಿದ್ದು ಈ ಪ್ರತಿವಾದಿಗೆ ಗೊತ್ತಿಲ್ಲ, ವಾದಿಯೇ ಸಾಬೀತು ಮಾಡಲಿ. ಒಟ್ಟಾರೆ ಎಲ್ಲವೂ ಸುಳ್ಳು ಅಂದರೆ ನಡೆಯುವುದಿಲ್ಲ. ಸಿವಿಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಕಾನೂನು, 1908ರ ಸಿಪಿಸಿಯಲ್ಲಿ ಆರ್ಡರ್ 8, ರೂಲ್ 5 ಅಂತ ಇದೆ: ನೇರವಾಗಿ ಅಲ್ಲಗಳೆಯದ ಮಾತನ್ನು ಸಾಮಾನ್ಯವಾಗಿ ಒಪ್ಪಿಕೊಂಡ ಹಾಗೆಯೇ ಲೆಕ್ಕ. ಸೈಟು, ಕಾಂಪೌಂಡು ಅಂತ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದಷ್ಟು ಹಗೆ ಕಟ್ಟಿಕೊಂಡಿರುತ್ತಾರೆ, ಅವರೂ ಎದುರಿನವರ ಪ್ಯಾರಾಗಳನ್ನು ಓದಲೇಬೇಕು. ಓದಿದ ಮೇಲೆ ಎಷ್ಟೋ ಸಲ 2ನೇ ಪ್ಯಾರಾ ನಿಜ ಅಂತ ಬರೆಸಲೇಬೇಕಾಗುತ್ತದೆ, ಆಗ ಅವರ ಮುಖ ನೋಡಬೇಕು ನೀನು!

ಆ ಲೆಕ್ಕದಲ್ಲಿ ನೋಡಿದರೆ ನೀನು ಅವರ ಎಲ್ಲ ಮಾತನ್ನೂ ಒಪ್ಪಿಕೊಂಡ ಹಾಗಾಯಿತು. ಒಪ್ಪುವುದು ಬೇಕಿರಲಿಲ್ಲ, ಉತ್ತರ ಇತ್ತಲ್ಲ. ಸುರಂಗವೂ ನಾಳೆ ಬೆಳಿಗ್ಗೆ ಬರುವುದಿಲ್ಲ, ಅದಕ್ಕೂ ವರ್ಷಗಳು ಬೇಕು ಅನ್ನಬಹುದಿತ್ತು. ರಸ್ತೆ ಜಾಸ್ತಿಯಾದ ಹಾಗೆ ವಾಹನವೂ ಜಾಸ್ತಿಯಾಗುತ್ತದೆ, ಊರಿನಲ್ಲಿ ಈಗಾಗಲೇ ಕೋಟಿ ದಾಟಿದೆ, ನಿಮ್ಮ ಓಮ್ನಿ ಸುರಂಗದಿಂದ ಮೇಲೆ ಬಂದು ಸಿಲ್ಕ್ ಬೋರ್ಡಿನಲ್ಲಿ ಮತ್ತೆ ಅದೇ ಸಾಲಿನಲ್ಲಿ ನಿಲ್ಲುತ್ತದೆ ಅನ್ನಬಹುದಿತ್ತು. ಇವೆಲ್ಲ ನಿನಗೆ ಗೊತ್ತಿರುವುದೇ. ಬೈದರೆ ಬೇಗ ಕೆಲಸ ಮುಗಿಯುತ್ತದೆ, ಅಷ್ಟೇ.

ಸ್ಟೀಲ್ ಬ್ರಿಡ್ಜ್ ವಿಷಯ ಸ್ವಲ್ಪ ಕಷ್ಟದ್ದು. 2016ರ ಅಕ್ಟೋಬರ್‌ನಲ್ಲಿ ಮಾನವ ಸರಪಳಿಗೆ ನಾವಿಬ್ಬರೂ ಹೋಗಿದ್ದೆವು, ನೀನಿನ್ನೂ ಯೂನಿಫಾರ್ಮ್ ಹಾಕುವ ಹುಡುಗಿ. 812 ಮರ ಹೋಗುತ್ತವೆ, 1,791 ಕೋಟಿ ಖರ್ಚು ಅಂತ ಬೋರ್ಡು ಹಿಡಿದಿದ್ದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಮರ ಉಳಿದವು, ಸಂತೋಷ. ಹೆಬ್ಬಾಳದ ಜಾಮೂ ಉಳಿಯಿತು, ಅಲ್ವಾ? ಅದನ್ನು ನಮ್ಮ ಕಡೆಯವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಸೋತ ಹಾಗೆ ಅಂದುಕೊಳ್ಳುತ್ತಾರೆ. ನಿಜ ಅಂತ ಒಪ್ಪಿ, ಆಮೇಲೆ ಮಾತು ಮುಂದುವರಿಸಿದರೆ ಎದುರಿನವನು ನಿನ್ನ ಉಳಿದ ಮಾತನ್ನಾದರೂ ಕೇಳುತ್ತಾನೆ.

ನಿನ್ನ ಡಿಗ್ರಿಯ ಸೈಕಾಲಜಿ ನೋಟ್ಸ್ ಇನ್ನೂ ಇಲ್ಲೇ ಬೀರುವಿನ ಮೇಲಿದೆ. ರದ್ದಿಗೆ ಹಾಕಲು ಅಮ್ಮ ಇಳಿಸಿದಳು, ಸುಮ್ನೆ ತಿರುವಿ ಹಾಕಿದೆ. ಅದರಲ್ಲಿ ನೀನೇ ಬರೆದುಕೊಂಡಿದ್ದೀಯ. 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಲಾರ್ಡ್, ರಾಸ್, ಲೆಪ್ಪರ್ ಅನ್ನುವವರು 48 ವಿದ್ಯಾರ್ಥಿಗಳನ್ನು ಕೂರಿಸಿದರು. ಅರ್ಧ ಜನ ಮರಣದಂಡನೆಯ ಪರ, ಅರ್ಧ ಜನ ವಿರೋಧ. ಎಲ್ಲರಿಗೂ ಎರಡೆರಡು ವರದಿ ಕೊಟ್ಟರು, ಒಂದು ಆ ಕಡೆಗೆ, ಒಂದು ಈ ಕಡೆಗೆ. ವರದಿಗಳು ಇವರೇ ಕಟ್ಟಿದ್ದು, ಒಬ್ಬರಿಗೆ ಪರ ತೋರಿಸಿದ ವಿಧಾನವೇ ಇನ್ನೊಬ್ಬರಿಗೆ ವಿರೋಧ ತೋರಿಸುತ್ತಿತ್ತು. ಆದರೂ ಎಲ್ಲರಿಗೂ ತಮ್ಮ ಕಡೆಯ ವರದಿಯೇ ಗಟ್ಟಿ ಅನ್ನಿಸಿತು, ಎದುರಿನದರಲ್ಲಿ ತಪ್ಪು ಮೇಲೆ ತಪ್ಪು ಕಂಡಿತು. ಎರಡೂ ಕಡೆ ಓದಿ ಮುಗಿಸಿದಾಗ ಇಬ್ಬರೂ ತಮ್ಮ ತಮ್ಮ ನಿಲುವಿಗೆ ಇನ್ನೂ ಬಿಗಿಯಾಗಿ ಅಂಟಿಕೊಂಡಿದ್ದರು.

ನನಗೆ ಇನ್ನೂ ಮಜಾ ಅನ್ನಿಸಿದ್ದು ಅದರ ಮುಂದಿನದು. 1984ರಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಕೆಲವರಿಗೆ "ಪಕ್ಷಪಾತ ಮಾಡಬೇಡಿ, ನ್ಯಾಯವಾಗಿ ಓದಿ" ಅಂತ ಹೇಳಿದರಂತೆ. ಏನೂ ಉಪಯೋಗ ಆಗಲಿಲ್ಲ. ಇನ್ನು ಕೆಲವರಿಗೆ, ಇದೇ ವರದಿ, ಇದೇ ವಿಧಾನ, ಫಲಿತಾಂಶ ಮಾತ್ರ ಉಲ್ಟಾ ಬಂದಿದ್ದರೆ ಆಗಲೂ ಹೀಗೇ ಹೇಳುತ್ತಿದ್ದಿರಾ ಅಂತ ಹೆಜ್ಜೆ ಹೆಜ್ಜೆಗೂ ಕೇಳಿಕೊಳ್ಳಿ ಅಂದರು. ಆಗ ಪಕ್ಷಪಾತ ಕಮ್ಮಿಯಾಯಿತು. ಅದಕ್ಕೇ ನಾನು ನಿನಗೆ "ನ್ಯಾಯವಾಗಿರು" ಅಂತ ಬುದ್ಧಿ ಹೇಳುತ್ತಿಲ್ಲ. ಅದರಿಂದ ಏನೂ ಆಗುವುದಿಲ್ಲ ಅಂತ ನಿನ್ನ ನೋಟ್ಸಿನಲ್ಲೇ ಇದೆ.

ಆ ಪ್ರಶ್ನೆಯನ್ನು ಬೇರೆ ಎಲ್ಲೂ ಬೇಡ, ನೀನು ಹಂಚಿದ ಪೋಸ್ಟರಿಗೇ ಕೇಳು. ಲಾಲ್‌ಬಾಗಿನ ಅರ್ಧ ಮರ ಹೋಗುತ್ತದೆ ಅಂತ ಇತ್ತಲ್ಲ. ಯಾರು ಎಣಿಸಿದರು, ಯಾವ ವರದಿ, ಯಾವ ತಾರೀಕು, ಒಂದೂ ಇಲ್ಲ. ಒಂದು ಮರವೂ ಹೋಗುವುದಿಲ್ಲ ಅಂತ ಸುರಂಗದವರು ಇಂಥದ್ದೇ ಪೋಸ್ಟರ್ ಹಾಕಿದ್ದರೆ ನೀನು ಐದು ನಿಮಿಷದಲ್ಲಿ ಅವರ ಜನ್ಮ ಜಾಲಾಡುತ್ತಿದ್ದೆ.

ಹಾಗಂತ ಎಲ್ಲರಿಗೂ ಕಿವಿ ಕೊಡುತ್ತಾ ಕೂರಬೇಡ. ಬೈಯಲಿಕ್ಕೆಂದೇ ಬರುವವರನ್ನು, ಆಟೋದವರ ಜಗಳದ ವಿಡಿಯೋ ಅರ್ಧದಿಂದ ಕತ್ತರಿಸಿ ಕನ್ನಡ-ಹಿಂದಿ ಅಂತ ಬೆಂಕಿ ಹಚ್ಚುವವರನ್ನು ಬ್ಲಾಕ್ ಮಾಡು, ಪಾಪ ಅನ್ನಿಸಬೇಕಾಗಿಲ್ಲ. ಎರಡೂ ಕಡೆ ಓದಿ ಕೊನೆಗೆ ಅರ್ಧ ಅವರದ್ದು ಸರಿ, ಅರ್ಧ ಇವರದ್ದು ಸರಿ ಅಂತ ಪಂಚಾಯ್ತಿ ಮಾಡಬೇಕು ಅಂತಲೂ ಇಲ್ಲ. ನಾನು ಪೂರ್ತಿ ಓದಿದ ಮೇಲೂ ಸುರಂಗ ಬೇಡ ಅಂತಲೇ ಅನ್ನುತ್ತೇನೆ.

ಆದರೆ ಸಿಲಿಂಡರ್ ಮಾತಿಗೆ ಮಾತ್ರ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಪ್ಲಂಬರ್, ಅಡುಗೆ ಕಂಟ್ರಾಕ್ಟರು, ಇವರೆಲ್ಲ ಸಾಮಾನು ಹೊತ್ತು ರಸ್ತೆಯಲ್ಲೇ ಓಡಾಡಬೇಕು. ಬಸ್ಸು, ಮೆಟ್ರೋ ಜಾಸ್ತಿಯಾದರೆ ಸುಮ್ಮನೆ ಓಡಾಡುವ ಕಾರು ಕಮ್ಮಿಯಾಗಿ ಇವರಿಗೆ ದಾರಿ ಸಿಗುತ್ತದೆ ಅನ್ನಬಹುದು. ಯಾವಾಗ ಅಂತ ಅವರು ಕೇಳುತ್ತಾರೆ, ಕೇಳಲೇಬೇಕು. ನೀನು ಈ ವಿಷಯ ನನಗಿಂತ ಜಾಸ್ತಿ ಓದಿದ್ದೀಯ. ಮೊದಲು ಆ ಏಜೆಂಟ್ ಅನ್ನುವ ಸಾಲನ್ನು ತೆಗೆ, ಆಮೇಲೆ ಏನಾದರೂ ಹೊಳೆದರೆ ಅವರಿಗೆ ಬರೆ. ನನಗೂ ಕಳಿಸು.

ನೋಟ್ಸ್ ರದ್ದಿಗೆ ಹಾಕಿಲ್ಲ.

ಅಪ್ಪ