ಆಯುಧ ಪೂಜೆಗೆ ಬಂಪರ್‌ಗೆ ಡೀಸೆಲ್ ಹೊಡೆಸಬೇಡಿ

ಸಂಪಾದಕರೇ,

ಆಯುಧ ಪೂಜೆಗೆ ಇನ್ನು ಕೆಲವೇ ದಿನ. ನಮ್ಮ ರಾಯಚೂರಿನಲ್ಲಿ ವಾಟರ್ ವಾಶ್ ಅಂಗಡಿಗಳ ಮುಂದೆ ಆಗಲೇ ಸಾಲು ಶುರುವಾಗಿದೆ. ಕಾರು, ಬೊಲೆರೊ, ಟಾಟಾ ಏಸ್, ಬೈಕು ಎಲ್ಲವೂ ನಿಂತಿವೆ. ತೊಳೆದಾದ ಮೇಲೆ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ ಕಪ್ಪು ಬಂಪರ್, ಮಿರರ್ ಕವರ್, ಮಡ್‌ಗಾರ್ಡ್‌ಗಳಿಗೆ ಡೀಸೆಲ್ ಹೊಡೆದು ಕೊಡುತ್ತಾರೆ. ದಯವಿಟ್ಟು ಇದನ್ನು ಮಾಡಿಸಬೇಡಿ ಎಂದು ಹೇಳುವುದಕ್ಕೇ ಈ ಪತ್ರ.

ನನ್ನದು ಮಾರುತಿ ಓಮ್ನಿ, 14 ವರ್ಷದ್ದು. ಮನೆಗೆ ಶೆಡ್ ಇಲ್ಲ, ವರ್ಷವಿಡೀ ಬಯಲಲ್ಲೇ ನಿಲ್ಲುತ್ತದೆ. ಬಂಪರ್ ಎರಡೂ ಬೆಳ್ಳಗಾಗಿದ್ದವು. ಹೋದ ವರ್ಷ ಹಬ್ಬದ ಹಿಂದಿನ ದಿನ ತೊಳೆಸಲು ಬಿಟ್ಟಾಗ ಅಲ್ಲಿನ ಹುಡುಗ, “ಅಣ್ಣಾರ, ಒಂದೀಟು ಡೀಸೆಲ್ ಹೊಡೀತೀನ್ರಿ, ಹೊಸಾದ್ರಂಗ ಆಗ್ತದ” ಎಂದ. ನಾನೂ ಹೂಂ ಅಂದೆ. ಹೊಸದರ ಹಾಗೆಯೇ ಆಯಿತು ಕೂಡ. ಆದರೆ ಮಾರನೇ ದಿನ ಪೂಜೆಗೆ ಹಚ್ಚಿದ ಅರಿಶಿನ, ಕುಂಕುಮ, ವಿಭೂತಿ ಎಲ್ಲ ಆ ಜಿಡ್ಡಿಗೆ ಮೆತ್ತಿಕೊಂಡಿತು. ಅದರ ಮೇಲೆ ರಸ್ತೆಯ ಧೂಳು ಬೇರೆ. ಹತ್ತು ದಿನದಲ್ಲಿ ಬಂಪರ್ ಮೊದಲಿಗಿಂತ ಕೆಟ್ಟದಾಯಿತು, ಅರಿಶಿನದ ಕಲೆ ತಿಂಗಳುಗಟ್ಟಲೆ ಹೋಗಲಿಲ್ಲ. ಗ್ಯಾರೇಜಿನಲ್ಲಿ ಕೇಳಿದರೆ ಬಂಪರನ್ನೇ ಬದಲಾಯಿಸಿ ಎಂದರು.

ಬದಲಾಯಿಸಬೇಕಾಗಿರಲಿಲ್ಲ. ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು ಅನ್ನುವುದು ನನ್ನ ಆಸೆ. ಪೇಂಟ್ ಮಾಡದ ಈ ಕಪ್ಪು ಭಾಗಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನವು. ಕಪ್ಪು ಬಣ್ಣ ಮೇಲೆ ಬಳಿದದ್ದಲ್ಲ, ಒಳಗೇ ಬೆರೆಸಿದ್ದು. ಹಾಗಾಗಿ ಅದು ಎಲ್ಲಿಗೂ ಹೋಗಿರುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣಕ್ಕೆ ಮೇಲಿನ ತೆಳು ಪದರ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ, ಆ ಬಿರುಕುಗಳಿಗೆ ಬಿದ್ದ ಬೆಳಕು ಚದುರಿ ನಮಗೆ ಬೆಳ್ಳಗೆ ಕಾಣುತ್ತದೆ. ನಮ್ಮ ಕಡೆಯ ಎರೆ ಹೊಲ ನೋಡಿದವರಿಗೆ ಇದು ಹೊಸದಲ್ಲ. ಮಳೆ ಬಿದ್ದಾಗ ಕಡುಗಪ್ಪು, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೂದಿ ಬಣ್ಣ, ಮಣ್ಣು ಮಾತ್ರ ಅದೇ. ಬಂಪರ್ ಮೇಲೆ ನೀರು ಚಿಮುಕಿಸಿ ನೋಡಿ, ಆರುವ ತನಕ ಕಪ್ಪಾಗಿರುತ್ತದೆ ಅಲ್ವಾ? ಡೀಸೆಲ್ ಮಾಡುವುದೂ ಅಷ್ಟೇ, ಬಿರುಕು ತುಂಬುತ್ತದೆ. ನೀರಿಗಿಂತ ನಿಧಾನವಾಗಿ ಆರುತ್ತದೆ, ಜೊತೆಗೆ ಧೂಳು ಹಿಡಿಯುತ್ತದೆ, ಪಕ್ಕದ ರಬ್ಬರ್ ಬೀಡಿಂಗ್ ಕೆಡಿಸುತ್ತದೆ. ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್‌ನ ಕಥೆಯೂ ಇದೇ. ಕೊಬ್ಬರಿ ಎಣ್ಣೆಯಿಂದ ಅಷ್ಟು ಕೇಡಿಲ್ಲ, ಆದರೆ ಅದೂ ಆರುವುದಿಲ್ಲ, ಧೂಳು ಕೂರುತ್ತದೆ.

ಇದರಲ್ಲಿ ಅಪಾಯದ ಮಾತೂ ಇದೆ. ಬೈಕಿಗೆ ಡೀಸೆಲ್ ಅಥವಾ ಹೊಳಪಿನ ಸ್ಪ್ರೇ ಹೊಡೆಯುವಾಗ ಅದು ಟೈರಿನ ನೆಲ ಮುಟ್ಟುವ ಭಾಗಕ್ಕೆ, ಡಿಸ್ಕ್ ಬ್ರೇಕ್‌ಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ತಿರುವಿನಲ್ಲಿ ಗಾಡಿ ಜಾರುತ್ತದೆ. ಹಬ್ಬದ ದಿನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಏನು ಮಾಡಬೇಕು? ನಾನು ಈ ವರ್ಷ ಮಾಡಿದ್ದನ್ನು ಹೇಳುತ್ತೇನೆ. ಮೊದಲ ಕೆಲಸ ತೊಳೆಯುವುದು, ಅರ್ಧ ಫಲ ಇದರಲ್ಲೇ ಇದೆ. ಬಂಪರ್ ಮೈ ಒರಟಾಗಿ, ಸಣ್ಣ ಸಣ್ಣ ಗುಳಿಗಳಿಂದ ಕೂಡಿರುತ್ತದೆ, ಕೊಳೆ ಅಲ್ಲೇ ಕೂತಿರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಬರುವುದಿಲ್ಲ. ಕಾರ್ ಶಾಂಪೂ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಮೂರು ಸಲ ತೊಳೆದ ಮೇಲೆ ನೊರೆ ಬೆಳ್ಳಗೆ ಬಂತು. ಪಾಲಿಶ್ ತಾಗಿ ಬಿಳಿ ಗೆರೆ ಬಿದ್ದ ಕಡೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ, ಬಹಳಷ್ಟು ಹೋಯಿತು. ಆಮೇಲೆ ನೆರಳಿನಲ್ಲಿ ಪೂರ್ತಿ ಒಣಗಲು ಬಿಟ್ಟೆ. ಪಕ್ಕದ ಪೇಂಟಿಗೆ ತಾಗದ ಹಾಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಪ್ಲಾಸ್ಟಿಕ್ಕಿಗೆಂದೇ ಮಾಡಿದ, ಒಣಗಿ ಗಟ್ಟಿಯಾಗುವ ಕೋಟಿಂಗನ್ನು ಸ್ಪಂಜಿನಲ್ಲಿ ತೆಳ್ಳಗೆ ಹಚ್ಚಿ, ಜಾಸ್ತಿಯಾದದ್ದನ್ನು ಒರೆಸಿ ತೆಗೆದೆ. ಏಪ್ರಿಲ್, ಮೇ ಬಿಸಿಲು ಕಂಡಿದೆ, ಮಳೆಗಾಲವನ್ನೂ ಕಂಡಿದೆ. ಇವತ್ತಿಗೂ ಕಪ್ಪಾಗಿದೆ, ಕೈಗೆ ಜಿಡ್ಡು ಹತ್ತುವುದಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಒಂದು ಮಾತು ಕೇಳಿ: ಇದು ಒಣಗಿ ನಿಲ್ಲುವ ಕೋಟಿಂಗೋ, ಸುಮ್ನೆ ಹೊಳಪು ಕೊಡುವ ಡ್ರೆಸಿಂಗೋ? ಡ್ರೆಸಿಂಗ್ ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ನಾಲ್ಕು ಮಳೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ಹಚ್ಚುವ ತಾಳ್ಮೆ ಇದ್ದವರಿಗೆ ಅದೂ ಆಗುತ್ತದೆ.

ಹೀಟ್ ಗನ್ ಹಿಡಿದು ಕಪ್ಪು ಮಾಡುವುದನ್ನು ವಿಡಿಯೊಗಳಲ್ಲಿ ತೋರಿಸುತ್ತಾರೆ. ಕಪ್ಪಾಗುವುದು ನಿಜ, ಮೇಲಿನ ಪದರ ಸ್ವಲ್ಪ ಕರಗಿ ಬಿರುಕು ಕೂಡಿಕೊಳ್ಳುತ್ತದೆ. ಆದರೆ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ, ಆ ಗನ್ ಅದರ ಎರಡು ಮೂರು ಪಟ್ಟು ಬಿಸಿ ಗಾಳಿ ಊದುತ್ತದೆ. ಒಂದು ಕ್ಷಣ ಒಂದೇ ಕಡೆ ನಿಂತರೆ ಬಂಪರ್ ಸೊಟ್ಟಗಾಯಿತು. ಮೈಯ ಒರಟು ವಿನ್ಯಾಸವೂ ಅಳಿಸಿ ಹೋಗುತ್ತದೆ. ಕೈ ಪಳಗಿದವರಿಗೆ ಬಿಡಿ.

ನಮ್ಮಲ್ಲಿ ಕೆಲವರು ಅಗಸೆ ಎಣ್ಣೆ ಹಚ್ಚುತ್ತಾರೆ. ಇದು ಇತರ ಎಣ್ಣೆಗಳ ಹಾಗಲ್ಲ, ಗಾಳಿಗೆ ನಿಧಾನವಾಗಿ ಗಟ್ಟಿಯಾಗುತ್ತದೆ, ಪೇಂಟ್ ಅಂಗಡಿಯಲ್ಲಿ ಮರಕ್ಕೆಂದು ಸಿಗುವ ಕುದಿಸಿದ ಅಗಸೆ ಎಣ್ಣೆ ಇನ್ನೂ ಬೇಗ. ಒಂದಷ್ಟು ಕಾಲ ನಿಲ್ಲುತ್ತದೆ. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಬಯಲಲ್ಲಿ ಹರಡಿ ಒಣಗಿಸಿ, ಆಮೇಲೆ ಬಿಸಾಡಿ.

ವಾಟರ್ ವಾಶ್ ಅಂಗಡಿಯವರಲ್ಲಿ ನನ್ನ ಮನವಿ: ನಿಮ್ಮ ಹುಡುಗರು ದಿನವಿಡೀ ಬರಿಗೈಯಲ್ಲಿ ಡೀಸೆಲ್ ಮುಟ್ಟುತ್ತಾರೆ, ಉಳಿದದ್ದು ಚರಂಡಿಗೆ ಹೋಗುತ್ತದೆ. ಅದರ ಬದಲು ಒಂದು ಬ್ರಷ್, ಒಂದು ಡಬ್ಬಿ ಕೋಟಿಂಗ್ ಇಟ್ಟು ಅದಕ್ಕೆ ಬೇರೆ ದುಡ್ಡು ಕೇಳಿ. ನಾವು ಕೊಡುತ್ತೇವೆ.

ನಿಮ್ಮ ಪತ್ರಿಕೆಯಲ್ಲಿ ಹಬ್ಬದ ಮೊದಲು ಬಲ್ಲ ಮೆಕ್ಯಾನಿಕ್ ಒಬ್ಬರಿಂದ ಈ ಬಗ್ಗೆ ನಾಲ್ಕು ಸಾಲು ಬರೆಸಿ, ಸಂಪಾದಕರೇ. ಅರಿಶಿನ ಕುಂಕುಮವನ್ನು ಪೇಂಟ್ ಇಲ್ಲದ ಪ್ಲಾಸ್ಟಿಕ್ಕಿಗೆ ಹಚ್ಚದೆ ಗಾಜಿಗೆ ಹಚ್ಚಿ ಎಂದೂ ಸೇರಿಸಿ. ಈ ಸಲ ನಮ್ಮ ಮನೆಯಲ್ಲಿ ಹಾಗೇ ಮಾಡುತ್ತಿದ್ದೇವೆ.

ನಿಮ್ಮ ಓದುಗ,
ರಾಯಚೂರು