ಬ್ಯಾರನ್ ಮುಂದೆ ನೀನು ಕೇಳಿದ ಪ್ರಶ್ನೆಗೆ

ಪಿರಿಯಾಪಟ್ಟಣ
ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ದೊಡ್ಡಮ್ಮನ ಮಂಡಿನೋವು ಈಗ ಪರವಾಗಿಲ್ಲ. ತಂಬಾಕು ಒಣಗಿಸುವ ಬ್ಯಾರನ್ ಮನೆಯಿಂದ ಕೊನೆಯ ಸುತ್ತಿನ ಎಲೆ ನಿನ್ನೆ ಇಳಿಸಿದೆವು. ಎಲೆಗೆ ಬಣ್ಣ ಚೆನ್ನಾಗಿ ಬಂದಿದೆ.

ಗೌರಿ ಹಬ್ಬಕ್ಕೆ ಬಂದಾಗ ನೀನು ಬ್ಯಾರನ್ ಮುಂದೆ ಕೂತು ಒಂದು ಮಾತು ಕೇಳಿದೆ. "ದೊಡ್ಡಪ್ಪ, ನೀವು ಬೆಳೆಯೋ ತಂಬಾಕು ವರ್ಷಕ್ಕೆ ಲಕ್ಷಗಟ್ಟಲೆ ಜನರನ್ನ ಕೊಲ್ಲುತ್ತೆ. ಗಾಂಜಾ ಸೇದಿ ಸತ್ತವರನ್ನ ಒಬ್ಬರನ್ನ ತೋರಿಸಿ. ಹಾಗಾದ್ರೆ ಯಾವುದು ವಾಸಿ?" ನಾನು ಒಲೆಗೆ ಸೌದೆ ಒಡ್ಡುತ್ತಿದ್ದೆ. ಏನು ಹೇಳಬೇಕೋ ತೋಚಲಿಲ್ಲ. ಹುಡುಗ ಸುಮ್ನೆ ಚರ್ಚೆಗೆ ಕೇಳುತ್ತಿದ್ದಾನೆ ಅಂದುಕೊಂಡೆ.

ನೀನು ಬೆಂಗಳೂರಿಗೆ ಹೋದ ಮಾರನೇ ದಿನ ಕೋಣೆ ಗುಡಿಸುವಾಗ ಮಂಚದ ಕೆಳಗೆ ಒಂದು ತುಂಡು ಸಿಕ್ಕಿತು. ಅರ್ಧ ಸುಟ್ಟ ಸಿಗರೇಟು. ಫಿಲ್ಟರ್ ಕಿತ್ತು, ಆ ಜಾಗಕ್ಕೆ ಬಸ್ ಟಿಕೆಟ್ಟನ್ನು ಸುರುಳಿ ಸುತ್ತಿ ಸಿಕ್ಕಿಸಿದ್ದೆ. ಅಂಗೈಯಲ್ಲಿ ಬಿಡಿಸಿ ನೋಡಿದೆ. ಹಸಿರು ಪುಡಿ ಸ್ವಲ್ಪ. ಉಳಿದದ್ದೆಲ್ಲ ಹೊಂಬಣ್ಣದ ತಂಬಾಕು. ಆ ಎಲೆಯನ್ನು ನಾನು ಕಣ್ಣು ಮುಚ್ಚಿಕೊಂಡು ಮೂಸಿದರೂ ಗುರುತು ಹಿಡಿಯುತ್ತೇನೆ, ಮಗಾ. ವಾಸಿ ಅಂತ ನೀನು ಹಿಡಿದಿದ್ದರಲ್ಲೂ ಮುಕ್ಕಾಲು ಪಾಲು ನಮ್ಮ ಬೆಳೆಯೇ ಇತ್ತು.

ಕೋಪ ಮಾಡಿಕೊಂಡು ಬರೆಯುತ್ತಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಪ್ರಶ್ನೆ ಕೇಳಿದ ಹುಡುಗನಿಗೆ ಉತ್ತರ ಕೊಡದೆ ಬಯ್ಯುವುದು ನನಗೆ ಬರುವುದಿಲ್ಲ. ಒಂದು ತಿಂಗಳಿಂದ ಓದಿದ್ದೇನೆ, ಡಾಕ್ಟರ್ ಆಗಿರುವ ನನ್ನ ಹಳೇ ವಿದ್ಯಾರ್ಥಿಯ ಹತ್ತಿರ ಕೇಳಿ ತಿಳಿದುಕೊಂಡಿದ್ದೇನೆ.

ನಿನ್ನ ಮಾತಿನಲ್ಲಿ ನಿಜ ಇದೆ. ನಮ್ಮ ದೇಶದಲ್ಲಿ ತಂಬಾಕಿನಿಂದ ವರ್ಷಕ್ಕೆ ಸುಮಾರು 13 ಲಕ್ಷ ಜನ ಸಾಯುತ್ತಾರೆ. ಬ್ರಿಟನ್ನಿನಲ್ಲಿ 1951ರಲ್ಲಿ ವೈದ್ಯರನ್ನೇ ಗುರುತಿಟ್ಟುಕೊಂಡು ಒಂದು ಅಧ್ಯಯನ ಶುರು ಮಾಡಿದರು. ರಿಚರ್ಡ್ ಡಾಲ್ ಎನ್ನುವವರು ಅದರ ಹಿಂದೆ ಇದ್ದರು. ಐವತ್ತು ವರ್ಷ ನೋಡಿದರು. ಸಿಗರೇಟು ಬಿಡದೆ ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮುಂಚೆ ಹೋದರು. ಇದಕ್ಕೆ ಹೋಲಿಸಿದರೆ ಗಾಂಜಾ ನೇರವಾಗಿ ಕೊಂದ ಲೆಕ್ಕ ಸಣ್ಣದು. ಶ್ವಾಸಕೋಶದ ಕ್ಯಾನ್ಸರ್ ವಿಷಯದಲ್ಲೂ ಅಷ್ಟೇ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ವರದಿ ಕೊಟ್ಟವು. ಗಾಂಜಾ ಸೇದುವುದಕ್ಕೂ ಆ ಕ್ಯಾನ್ಸರಿಗೂ ನಂಟು ಕಾಣಲಿಲ್ಲ ಅಂತಲೇ ಅದರಲ್ಲಿದೆ. ಒಂದು ಮಾತು ಗಮನಿಸು. ತಂಬಾಕಿನವರು ದಿನಕ್ಕೆ ಇಪ್ಪತ್ತು, ಮೂವತ್ತು ಸೇದುತ್ತಾರೆ, ನಲವತ್ತು ವರ್ಷ ಸೇದುತ್ತಾರೆ. ಗಾಂಜಾವನ್ನು ಆ ಪ್ರಮಾಣದಲ್ಲಿ ಅಷ್ಟು ಕಾಲ ಸೇದಿದವರು ಅಧ್ಯಯನಕ್ಕೆ ಸಿಗುವುದೇ ಕಡಿಮೆ.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಬಹಳ ಕಾಲ ಗಾಂಜಾ ಸೇದುವವರಿಗೆ ಕೆಮ್ಮು, ಕಫ, ಪದೇಪದೇ ಬ್ರಾಂಕೈಟಿಸ್ (ಶ್ವಾಸನಾಳದ ಊತ) ಬರುವುದು ಹೆಚ್ಚು ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ ಅಂತ. ಹೊಗೆ ಯಾವ ಎಲೆಯದಾದರೇನು, ಟಾರ್ ಅನ್ನುವ ಜಿಗುಟು ಮಡ್ಡಿ ಇರುತ್ತದೆ, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಇರುತ್ತದೆ. ಎರಡನ್ನೂ ಸೇದುವ 15 ಗಂಡಸರನ್ನು ಅಮೆರಿಕದ ವೈದ್ಯರು ಪರೀಕ್ಷೆ ಮಾಡಿದ್ದರು. ಅದರ ವರದಿ 1988ರಲ್ಲಿ ಬಂತು. ಒಂದು ಸಿಗರೇಟಿಗೆ ಹೋಲಿಸಿದರೆ ಒಂದು ಗಾಂಜಾ ಸುರುಳಿಯಿಂದ ಎದೆಯೊಳಗೆ ಹೋದ ಟಾರ್ ಸುಮಾರು ಮೂರು ಪಟ್ಟು. ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಏರಿದ್ದು ಸುಮಾರು ಐದು ಪಟ್ಟು. ಯಾಕೆ ಅಂದರೆ ಗಾಂಜಾ ಸೇದುವವರು ಜೋರಾಗಿ ಎಳೆಯುತ್ತಾರೆ, ಎಳೆದದ್ದನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತಾರೆ. ನೀನು ಸಿಕ್ಕಿಸಿದ್ದ ಬಸ್ ಟಿಕೆಟ್ ಏನನ್ನೂ ಸೋಸುವುದಿಲ್ಲ, ಅಲ್ವಾ?

ಅದರಲ್ಲಿ ತಂಬಾಕು ಬೆರೆಸಿದರೆ ನಿಕೋಟಿನ್ ಚಟವೂ ಹತ್ತುತ್ತದೆ. ನಿಕೋಟಿನ್ ಎಂಥದ್ದು ಅಂತ ಪುಸ್ತಕ ಓದಿ ತಿಳಿಯಬೇಕಾಗಿಲ್ಲ ನಮಗೆ. ಮಳೆಗಾಲದಲ್ಲಿ ಸೊಪ್ಪು ಮುರಿಯುವಾಗ ದೊಡ್ಡಮ್ಮನನ್ನು ನೀನೇ ನೋಡಿದ್ದೀಯ. ಎಲೆ ಒದ್ದೆಯಾಗಿದ್ದರೆ ನಿಕೋಟಿನ್ ಚರ್ಮದೊಳಗೇ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತು, ವಾಂತಿ. ಮುದ್ದೆ ಮುಟ್ಟಲು ಆಗುವುದಿಲ್ಲ. ಕೈಗೆ ಹತ್ತಿದ ಕಪ್ಪು ಅಂಟು ಸೋಪು ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಅವಳು ಜೀವನದಲ್ಲಿ ಒಂದು ಬೀಡಿ ಸೇದಿದವಳಲ್ಲ.

ಬೀಡಿ ಸೇದಿದವರು ನಿನ್ನ ತಾತ. ನೀನು ಹುಟ್ಟುವ ಮುಂಚೆಯೇ ತೀರಿಕೊಂಡರು. ಕೊನೆಯ ಎರಡು ವರ್ಷ ಅವರು ಮಲಗಲೇ ಇಲ್ಲ. ಜಗಲಿ ಮೇಲೆ ಕೂತು, ಮುಂದೆ ಹಾಸಿಗೆ ಸುರುಳಿ ಇಟ್ಟುಕೊಂಡು, ಅದರ ಮೇಲೆ ತಲೆ ಒರಗಿಸಿ ನಿದ್ದೆ ಮಾಡುತ್ತಿದ್ದರು. ಆಗಲೂ ಬೀಡಿ ಬಿಡಲಿಲ್ಲ. ಹಚ್ಚಿದ ಬೆಂಕಿಕಡ್ಡಿಯನ್ನು ಊದಿ ಆರಿಸುವಷ್ಟು ಉಸಿರೂ ಇರಲಿಲ್ಲ. ಕೈ ಅಲ್ಲಾಡಿಸಿ ಆರಿಸುತ್ತಿದ್ದರು. ಆ ಕೈ ನನಗೆ ಈಗಲೂ ಕಣ್ಣ ಮುಂದೆ ಬರುತ್ತದೆ.

ಹಾಗಿದ್ದೂ ಯಾಕೆ ಬೆಳೆಯುತ್ತೀರಿ ಅಂತ ನೀನು ಕೇಳಬಹುದು. ಈ ಬೆಳೆಯ ದುಡ್ಡಲ್ಲೇ ನಿನ್ನ ಅಪ್ಪ ಓದಿದ, ನಿನ್ನ ಅತ್ತೆಯ ಮದುವೆ ಆಯಿತು. ಅದು ನನ್ನ ಮನಸ್ಸಿಗೆ ಭಾರವಾಗಿಯೇ ಇದೆ. ಈ ಸಲ ಒಂದು ಎಕರೆಗೆ ಮುಸುಕಿನ ಜೋಳ ಹಾಕಿದ್ದೇನೆ. ಮುಂದಿನ ವರ್ಷ ಇನ್ನೊಂದು ಎಕರೆ.

ಇಲ್ಲಿಯವರೆಗೆ ಬರೆದದ್ದು ಯಾವ ಮೇಷ್ಟ್ರು ಬೇಕಾದರೂ ಬರೆಯಬಹುದಿತ್ತು. ಇನ್ನು ಬರೆಯುವುದನ್ನು ನಮ್ಮ ಮನೆಯಲ್ಲಿ ನಿನಗೆ ಯಾರೂ ಹೇಳಿಲ್ಲ.

ನಡುಮನೆ ಗೋಡೆಯ ಫೋಟೋದಲ್ಲಿ ವಾಲಿಬಾಲ್ ಹಿಡಿದು ನಿಂತಿದ್ದಾನಲ್ಲ, ನಿನ್ನ ಚಿಕ್ಕಪ್ಪ, ಅವನು ಸನ್ಯಾಸಿಯಾಗಿ ಉತ್ತರದ ಕಡೆ ಹೋದ ಅಂತ ನಿನಗೆ ಹೇಳಿದ್ದೇವೆ. ಅದು ನಿಜ ಅಲ್ಲ. ಅವನಿಗೆ ಇಪ್ಪತ್ತು ವರ್ಷ ಆಗಿದ್ದಾಗ ಗೆಳೆಯರ ಜೊತೆ ಗಾಂಜಾ ಶುರು ಮಾಡಿದ. ಮೊದಲು ಜಾತ್ರೆಯಲ್ಲಿ, ಆಮೇಲೆ ದಿನಾ ಸಂಜೆ ಕೆರೆ ಏರಿ ಮೇಲೆ. ವರ್ಷ ಕಳೆಯುವುದರೊಳಗೆ ಮಾತು ಕಡಿಮೆಯಾಯಿತು. ರೇಡಿಯೊದಲ್ಲಿ ವಾರ್ತೆ ಓದುವವರು ತನ್ನ ಹೆಸರು ಹಿಡಿದು ಬಯ್ಯುತ್ತಾರೆ ಅಂತ ರೇಡಿಯೊವನ್ನು ರಾಗಿ ಮೂಟೆಗಳ ಹಿಂದೆ ಬಚ್ಚಿಡುತ್ತಿದ್ದ. ಅಜ್ಜಿ ಬಡಿಸಿದ ಊಟದಲ್ಲಿ ವಿಷ ಇದೆ ಅನ್ನುತ್ತಿದ್ದ. ನಾವು ತಾಯತ ಕಟ್ಟಿಸಿದೆವು, ಹರಕೆ ಹೊತ್ತೆವು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲಿಲ್ಲ, ಜನ ಏನಂದುಕೊಳ್ಳುತ್ತಾರೋ ಅಂತ. ಒಂದು ಆಷಾಢದ ರಾತ್ರಿ ಹೋದವನು ವಾಪಸ್ ಬರಲೇ ಇಲ್ಲ.

ಗಾಂಜಾದಿಂದಲೇ ಹಾಗಾಯಿತು ಅಂತ ನಾನು ಆಣೆ ಇಟ್ಟು ಹೇಳಲಾರೆ. ಅದನ್ನು ಸೇದಿದ ಎಲ್ಲರಿಗೂ ಹಾಗಾಗುವುದಿಲ್ಲ, ಅವನ ಗೆಳೆಯರಿಗೆ ಆಗಲಿಲ್ಲ. ಆದರೆ ಸ್ವೀಡನ್ನಿನಲ್ಲಿ 1969-70ರಲ್ಲಿ ಸೇನೆಗೆ ಸೇರಿಸಿಕೊಂಡ ಸುಮಾರು 45 ಸಾವಿರ ಹುಡುಗರನ್ನು 15 ವರ್ಷ ಹಿಂಬಾಲಿಸಿ ನೋಡಿದರು. ಸೇನೆಗೆ ಸೇರುವ ಹೊತ್ತಿಗಾಗಲೇ ಐವತ್ತಕ್ಕಿಂತ ಜಾಸ್ತಿ ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಮನೋರೋಗ, ಬಂದದ್ದು ಸೇದದವರಿಗಿಂತ ಆರು ಪಟ್ಟು. ಹತ್ತಿರದ ರಕ್ತಸಂಬಂಧದಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ಅಪಾಯ ಇನ್ನೂ ಹೆಚ್ಚು. ಮಿದುಳು ಪೂರ್ತಿ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ. ನಿನಗೀಗ ಹತ್ತೊಂಬತ್ತು. ಮಾಲೂ ಮೊದಲಿನದಲ್ಲ. ಅಮೆರಿಕದಲ್ಲಿ ಜಪ್ತಿ ಮಾಡಿದ ಗಾಂಜಾದಲ್ಲಿ ಮತ್ತೇರಿಸುವ ಟಿಎಚ್‌ಸಿ 1995ರಲ್ಲಿ ಸುಮಾರು ಶೇ 4 ಇತ್ತು, 2021ರಲ್ಲಿ ಶೇ 15 ದಾಟಿತ್ತು.

ತಂಬಾಕು ಹತ್ತು ವರ್ಷ ಕದಿಯುತ್ತದೆ, ಕೊನೆಯಲ್ಲಿ. ಹೆಚ್ಚಾಗಿ ನಿಧಾನಕ್ಕೆ ಬರುತ್ತದೆ. ನಿನ್ನ ಚಿಕ್ಕಪ್ಪನನ್ನು ನಾವು ಕಳೆದುಕೊಂಡಿದ್ದು ಅವನ ಇಪ್ಪತ್ತೆರಡನೇ ವಯಸ್ಸಿನಲ್ಲಿ. ಯಾವುದು ವಾಸಿ ಅಂತ ಬೇರೆ ಮನೆಯ ಹುಡುಗ ಕೇಳಿದ್ದರೆ ಲೆಕ್ಕ ಹೇಳಿ ಸುಮ್ಮನಾಗುತ್ತಿದ್ದೆನೋ ಏನೋ. ನೀನು ಈ ಮನೆಯ ಹುಡುಗ.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರುತ್ತೇನೆ. ಗಾಂಜಾ ಇವತ್ತೇ ನಿಲ್ಲಿಸು. ಸೇದಿ ಬೈಕ್ ಹತ್ತುವುದಂತೂ ಬೇಡವೇ ಬೇಡ. ಬಿಟ್ಟ ಮೇಲೆ ಒಂದೆರಡು ವಾರ ನಿದ್ದೆ ಬರುವುದಿಲ್ಲ, ಸಿಟ್ಟು ಬರುತ್ತದೆ, ಊಟ ಸೇರುವುದಿಲ್ಲ. ಆಮೇಲೆ ಕಡಿಮೆಯಾಗುತ್ತದೆ ಅಂತ ಡಾಕ್ಟರ್ ಹೇಳಿದ. ಸಿಗರೇಟೂ ಬಿಡು. ಬ್ರಿಟನ್ನಿನ ಆ ಅಧ್ಯಯನದಲ್ಲಿ ಮೂವತ್ತರ ಹೊತ್ತಿಗೆ ಬಿಟ್ಟವರು ಕಳೆದುಕೊಳ್ಳಲಿದ್ದ ಹತ್ತು ವರ್ಷವನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಪಡೆದರು. ತಂಬಾಕು ಬಿಡಲು ಸರ್ಕಾರದ ಉಚಿತ ಸಹಾಯವಾಣಿ 1800-11-2356. ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೇ ಬೇರೆ ವಿಭಾಗ ಇದೆ. ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ, ಯಾರೋ ಹಿಂದೆ ಬಿದ್ದ ಹಾಗೆ ಒಂದು ಸಲ ಅನ್ನಿಸಿದರೂ ನನಗೆ ಫೋನ್ ಮಾಡು. ರಾತ್ರಿ ಎರಡು ಗಂಟೆಯಾದರೂ ಸರಿ. ಮೊದಲ ಬಸ್ಸಿಗೆ ಬರುತ್ತೇನೆ. ತಾಯತ ಕಟ್ಟಿಸಲು ಬರುವುದಿಲ್ಲ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲು ಬರುತ್ತೇನೆ.

ಆ ತುಂಡನ್ನು ಬ್ಯಾರನ್ ಒಲೆಗೆ ಹಾಕಿದೆ. ನಿನ್ನ ಅಪ್ಪನಿಗೆ ನಾನು ಏನೂ ಹೇಳಿಲ್ಲ. ದಸರಾ ರಜೆಗೆ ಬಂದಾಗ ನೀನೇ ಹೇಳು. ಹೇಳುವಾಗ ನಾನು ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ.

ನಿನ್ನ
ದೊಡ್ಡಪ್ಪ