ಕನಸು ಯಾರದು ಎಂದು ಮೊದಲು ಹೇಳಿ

ಪ್ರಿಯರೇ,

ಕ್ರಿಸ್ಟೋಫರ್ ನೋಲನ್ ಅವರ ‘ಇನ್ಸೆಪ್ಶನ್’ (2010) ಚಿತ್ರದ ಗೋಜಲನ್ನು ಬಿಡಿಸಲು ನೀವು ಬರೆದ ಲೇಖನವನ್ನು ಓದಿದೆ. ಚಿತ್ರ ನಿಮಗೆ ಚೆನ್ನಾಗಿ ಅರ್ಥವಾಗಿದೆ, ಆದರೆ ನಿಮ್ಮ ಓದುಗರಿಗೆ ಅರ್ಥವಾಗುವುದು ಅನುಮಾನ. ದೃಶ್ಯಗಳು ತೆರೆಯ ಮೇಲೆ ಬಂದ ಕ್ರಮದಲ್ಲಿಯೇ ನೀವು ಕಥೆ ಹೇಳುತ್ತ ಹೋಗಿರುವುದೇ ಇದಕ್ಕೆ ಕಾರಣ. ಸಂಕಲನದ ಮೇಜಿನ ಮೇಲೆ ಬೇಕೆಂದೇ ಸಿಕ್ಕುಗೊಳಿಸಿದ ಎಳೆಗಳನ್ನು ಹಾಗೆಯೇ ಓದುಗರ ಕೈಗಿತ್ತರೆ ಅದು ವಿವರಣೆಯಾಗದು.

ಉದ್ಯಮಿಯೊಬ್ಬನ ಮಗ ಫಿಶರನ ಮನಸ್ಸಿನಲ್ಲಿ ಒಂದು ಯೋಚನೆಯನ್ನು ಬಿತ್ತಲು ಕಾಬ್ ಮತ್ತವನ ತಂಡ (ಯೂಸುಫ್, ಆರ್ಥರ್, ಈಮ್ಸ್, ಅರಿಯಾಡ್ನೆ ಮುಂತಾದವರು) ವಿಮಾನದಲ್ಲಿ ಅವನೊಂದಿಗೆ ಮಲಗಿ, ಕನಸಿನೊಳಗಿನ ಕನಸಿಗೆ ಸ್ತರ ಸ್ತರವಾಗಿ ಇಳಿಯುವುದೇ ಚಿತ್ರದ ಕಥೆ. ಪ್ರತಿ ಸ್ತರಕ್ಕೆ ಇಳಿಯುವ ಮೊದಲು, ಕನಸು ಯಾರದು, ಅಲ್ಲಿ ಓಡಾಡುವ ಜನ ಯಾರ ಮನಸ್ಸಿನವರು ಎಂಬುದನ್ನು ಹೇಳಿಬಿಡಿ. ಮಳೆಯ ನಗರ ಯೂಸುಫನ ಕನಸು, ಹೋಟೆಲ್ ಆರ್ಥರನದು, ಹಿಮದ ಕೋಟೆ ಈಮ್ಸನದು. ಉಳಿದವರು ಕೆಳಗಿಳಿದಾಗ ಆಯಾ ಕನಸುಗಾರ ಹಿಂದೆ ಉಳಿದು ಕಾವಲು ಕಾಯುತ್ತಾನೆ. ಗುಂಡು ಹಾರಿಸುವ ಜನ ಮಾತ್ರ ಮೂರೂ ಕಡೆ ಫಿಶರನ ಮನಸ್ಸಿನವರು. ಕಾಬ್‌ನ ಸತ್ತ ಹೆಂಡತಿ ಮ್ಯಾಲ್ ಮತ್ತು ನಡುರಸ್ತೆಯಲ್ಲಿ ನುಗ್ಗಿಬರುವ ರೈಲು ಕಾಬ್‌ನ ಮನಸ್ಸಿನಿಂದ ನುಸುಳಿದವು. ಇಷ್ಟು ತಿಳಿದ ಓದುಗನಿಗೆ, ವಿಮಾನದಲ್ಲಿ ಶಾಂಪೇನ್ ಕುಡಿದು ಮೂತ್ರಕ್ಕೆ ಹೋಗದೆ ಮಲಗಿದ ಯೂಸುಫನಿಂದಾಗಿಯೇ ನಗರದಲ್ಲಿ ಮಳೆ ಎಂಬ ತಮಾಷೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲದ ಲೆಕ್ಕವನ್ನು ನೀವು ‘ನಿಧಾನವಾಗುತ್ತದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಯೂಸುಫ್ ತಯಾರಿಸಿದ ನಿದ್ದೆಯ ಮದ್ದಿನಿಂದ ಪ್ರತಿ ಸ್ತರದಲ್ಲೂ ಕಾಲ 20 ಪಟ್ಟು ಹಿಗ್ಗುತ್ತದೆ. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಚಿತ್ರ ಹೇಳುವ 10 ಗಂಟೆಯ ಪ್ರಯಾಣವು ನಗರದಲ್ಲಿ 200 ಗಂಟೆ, ಅಂದರೆ ವಾರಕ್ಕಿಂತ ತುಸು ಹೆಚ್ಚು. ಹೋಟೆಲಿನಲ್ಲಿ ಐದೂವರೆ ತಿಂಗಳು, ಹಿಮದಲ್ಲಿ ಒಂಬತ್ತು ವರ್ಷ. ನಗರದಲ್ಲಿ ಮಲಗಿದ ತಂಡವನ್ನು ಹೊತ್ತ ವ್ಯಾನ್ ಸೇತುವೆಯಿಂದ ಹಾರಲು 10 ಸೆಕೆಂಡ್ ಇದೆ ಎಂದಾಗ ಆರ್ಥರನಿಗೆ ಮೂರು ನಿಮಿಷ, ಕೆಳಗಿನವರಿಗೆ ಒಂದು ಗಂಟೆ ಸಿಗುತ್ತದೆಂದು ಪಾತ್ರಗಳೇ ಹೇಳುತ್ತವೆ. ಗುಣಿಸಿ ನೋಡಿದರೆ ಆ ಮಾತು ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ಈ ಗುಣಾಕಾರವನ್ನು ಓದುಗನ ಕಣ್ಣೆದುರೇ ಮಾಡಿ ತೋರಿಸಿ.

ಲೆಕ್ಕ ತಪ್ಪುವ ಜಾಗವನ್ನೂ ಮುಚ್ಚಿಡಬೇಡಿ. ವ್ಯಾನ್ ಬೀಳುವಾಗ ಒಳಗಿನವರು ತೂಕ ಕಳೆದುಕೊಳ್ಳುವುದರಿಂದ ಹೋಟೆಲಿನಲ್ಲಿ ಆರ್ಥರ್ ತೇಲುತ್ತಾನೆ. ಹೋಟೆಲಿನಲ್ಲಿ ಮಲಗಿದ ದೇಹಗಳೂ ತೇಲುತ್ತಿರುವಾಗ ಹಿಮದ ಕೋಟೆಯಲ್ಲಿ ಎಲ್ಲರೂ ನೆಲದ ಮೇಲೆ ಗಟ್ಟಿಯಾಗಿ ಓಡಾಡುವುದು ಹೇಗೆ? ಚಿತ್ರ ಇದಕ್ಕೆ ಉತ್ತರಿಸುವುದಿಲ್ಲ. ಅಭಿಮಾನಿಗಳ ಸಮಜಾಯಿಷಿಯನ್ನು ಚಿತ್ರದ ನಿಯಮವೆಂಬಂತೆ ನೀವು ಬರೆದಿರುವ ವಾಕ್ಯವನ್ನು ಹೊಡೆದುಹಾಕಿ.

ಕೊನೆಯ ಬುಗುರಿಗೆ ಮೂರು ಪುಟ ಖರ್ಚಾಗಿದೆ, ನನ್ನ ಮಟ್ಟಿಗೆ ಅರ್ಧ ಪುಟ ಸಾಕು. ಕನಸಿನಲ್ಲಿ ಬೀಳದೆ ತಿರುಗುತ್ತಲೇ ಇರುವ ಆ ಬುಗುರಿಯಿಂದ ಕಾಬ್ ತಾನಿರುವುದು ಕನಸೋ ನಿಜವೋ ಎಂದು ಪರೀಕ್ಷಿಸುತ್ತಾನೆ. ಅದು ಮೂಲತಃ ಮ್ಯಾಲ್‌ಳದು. ಒಡೆಯನಿಗಷ್ಟೇ ಗೊತ್ತಿರಬೇಕಾದ ಅದರ ಗುಟ್ಟನ್ನು ಕಾಬ್ ತಾನೇ ಅರಿಯಾಡ್ನೆಗೆ ಹೇಳಿದ್ದಾನೆ. ಹಾಗಾಗಿ ಅದು ದುರ್ಬಲ ಸಾಕ್ಷಿ, ಮೇಲಾಗಿ ಕಾಬ್ ಅದು ಬೀಳುವುದನ್ನು ಕಾಯದೆ ಮಕ್ಕಳತ್ತ ನಡೆಯುತ್ತಾನೆ.

ಉಳಿಸಿದ ಜಾಗವನ್ನು ಫಿಶರ್‌ಗೆ ಕೊಡಿ. ತನ್ನ ಗಾಡ್‌ಫಾದರ್ ಬ್ರೌನಿಂಗ್‌ನ ಮನಸ್ಸನ್ನು ಒಡೆಯಲು ಹೊರಟಿದ್ದೇನೆಂದು ನಂಬಿ, ಆತ ವಾಸ್ತವದಲ್ಲಿ ತನ್ನದೇ ಮನಸ್ಸಿನ ಬಾಗಿಲನ್ನು ಕಳ್ಳರೊಂದಿಗೆ ಸೇರಿ ತೆರೆಯುತ್ತಾನೆ. ಹೆಚ್ಚಿನ ಪ್ರೇಕ್ಷಕರು ಎಡವುವುದು ಇಲ್ಲಿ. ನಿಮ್ಮ ಲೇಖನದಲ್ಲಿ ಇದರ ಪ್ರಸ್ತಾಪವೇ ಇಲ್ಲ. ತಿದ್ದಿದ ಪ್ರತಿಯಲ್ಲಿ ಆ ಭಾಗವನ್ನೇ ಮೊದಲು ಬರೆದು ಕಳುಹಿಸಿ.

ಇಂತಿ ನಿಮ್ಮ ಹಿತೈಷಿ